ಬರೆಹವೂ ಒಂದು ತಪವಾಗಬಲ್ಲುದೇ?

ಅನಶನ, ಅವಮೌದರ್ಯ ಮೊದಲಾದ ಬಾಹ್ಯ ತಪಸ್ಸುಗಳು ಆರು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನವೆಂಬ ಆಭ್ಯಂತರ ತಪಸ್ಸುಗಳೂ ಆರು. ಮೊದಲಿನ ಆರರ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ದಶಲಕ್ಷಣ ಪರ್ವದಲ್ಲಿ ಯಾರು ಎಷ್ಟು ಉಪವಾಸ ಮಾಡಿದರು, ಯಾರು ಏಕಭುಕ್ತದಲ್ಲಿದ್ದರು, ಯಾರು ಉಪ್ಪನ್ನೋ ತುಪ್ಪವನ್ನೋ ತ್ಯಜಿಸಿದರು ಎಂಬುದು ಬಸದಿಯ ಜಗಲಿಯ ಮೇಲೆ ದಿನವೂ ಕೇಳಿಬರುವ ಮಾತು. ಎರಡನೆಯ ಆರರ ಲೆಕ್ಕವನ್ನು ಕೇಳುವವರು ವಿರಳ. ಇದಕ್ಕೆ ಕಾರಣವೂ ಉಂಟು. ಬಿಟ್ಟ ಊಟ ಕಣ್ಣಿಗೆ ಕಾಣುತ್ತದೆ. ಮನಸ್ಸಿನಲ್ಲಿ ನಟ್ಟ ಮುಳ್ಳು ಕಾಣುವುದಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿ ಯಾರೆಂಬುದನ್ನು ಹೇಳುವಾಗ, ಶಲ್ಯವಿಲ್ಲದಿರುವುದನ್ನೇ ಅವನ ಲಕ್ಷಣವಾಗಿ ಹಿಡಿದಿದ್ದಾರೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಬಾಣದ ಮೊನೆ. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ವಿಧ. ಮೊನೆ ಒಳಗಿರುವವರೆಗೆ ಮೇಲೆ ಎಂತಹ ಲೇಪ ಹಚ್ಚಿದರೂ ಗಾಯ ಮಾಯದು. ಹಾಗೆಯೇ ಶಲ್ಯವನ್ನು ಒಳಗಿಟ್ಟುಕೊಂಡು ಕೈಗೊಂಡ ಉಪವಾಸವು ದೇಹವನ್ನು ಕೃಶಗೊಳಿಸೀತು, ಕಷಾಯವನ್ನು ಕೃಶಗೊಳಿಸದು. ಹಾಗಾದರೆ ಅದನ್ನು ಹೊರತೆಗೆಯುವ ಬಗೆ ಯಾವುದು? ತನ್ನ ಬಾಳಿನ ನೋವನ್ನು ತಾನೇ ಕುಳಿತು ಬರೆಯುವುದು ಅಂತಹ ಒಂದು ಬಗೆಯಾಗಬಹುದೆ? ಅಥವಾ ಅದು ಮುಳ್ಳನ್ನು ಇನ್ನಷ್ಟು ಒಳಕ್ಕೆ ಒತ್ತುವ ಕೆಲಸವೆ?

ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದದ್ದಲ್ಲ. ನಮ್ಮ ಊರಿನ ಕಿರಾಣಿ ವ್ಯಾಪಾರಿಯೊಬ್ಬರ ಮಗ ರಸ್ತೆಯ ಅಪಘಾತದಲ್ಲಿ ತೀರಿಕೊಂಡ. ಅಂದು ಮುಂಜಾನೆ ಅಂಗಡಿಯ ಲೆಕ್ಕದ ಸಲುವಾಗಿ ತಂದೆ ಅವನನ್ನು ಗದರಿಸಿದ್ದರು. ಹುಡುಗ ಉಣ್ಣದೆ ಹೊರಟಿದ್ದ. ಮುಂದೆ ಆ ತಂದೆ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪದೆ ಮಾಡಿದರೂ ರಾತ್ರಿಯ ನಿದ್ರೆ ಮರಳಲಿಲ್ಲ. ಮನಸ್ಸಿನಲ್ಲಿರುವುದನ್ನು ಬರೆಯಿರೆಂದು ವೈದ್ಯರು ಹೇಳಿದರಂತೆ. ಅವರು ಹಳೆಯ ಕಿರ್ದಿ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯತೊಡಗಿದರು. ಪರ್ವಕ್ಕೆ ಕೆಲವು ದಿನ ಮುಂಚೆ ಆ ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದು ಕೇಳಿದರು: “ಮಾಸ್ತರರೇ, ನಾ ಹಿಂಗ ಬರಿಯೂದು ಆರ್ತಧ್ಯಾನ ಆಗತೈತಿ ಅಂತ ನಮ್ಮ ಅಣ್ಣಾರು ಹೇಳತಾರ. ಪರ್ವ ಬರೂದರೊಳಗ ಇದನ್ನ ಸುಟ್ಟಬಿಡಲೇನ್ರೀ?”

ಅವರ ಅಣ್ಣನವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾಸ್ತ್ರದಲ್ಲಿ ಆರ್ತಧ್ಯಾನ ನಾಲ್ಕು ಬಗೆಯದು. ಅನಿಷ್ಟವು ಬಂದೊದಗಿದಾಗ ಅದು ತೊಲಗಲೆಂದು, ಇಷ್ಟವು ಅಗಲಿದಾಗ ಅದು ಮರಳಲೆಂದು, ವೇದನೆಯಾದಾಗ ಅದು ನೀಗಲೆಂದು, ಮುಂದಿನ ಭೋಗ ದೊರೆಯಲೆಂದು ಮತ್ತೆ ಮತ್ತೆ ಸ್ಮರಿಸುವುದೇ ಆ ನಾಲ್ಕು. ಮಡಿದ ಮಗನ ಮಾತನ್ನು ದಿನವೂ ಬರೆಯುವುದು ಮೇಲ್ನೋಟಕ್ಕೆ ಇಷ್ಟವಿಯೋಗದ ಆರ್ತಧ್ಯಾನವೇ ಸರಿ. ಇದರ ಮೇಲೆ ಇನ್ನೊಂದು ಆಕ್ಷೇಪವನ್ನೂ ಹೂಡಬಹುದು. ನಾನು, ನನ್ನದು ಎಂಬ ಅಹಂಕಾರ ಮಮಕಾರಗಳನ್ನು ಸಡಿಲಿಸುವುದೇ ಧರ್ಮಮಾರ್ಗವಾಗಿರಲು, ಪುಟ ಪುಟಕ್ಕೂ ‘ನಾನು’ ಎಂದು ಬರೆಯುವುದು ಆ ಗಂಟನ್ನು ಬಿಗಿಗೊಳಿಸದೆ ಇದ್ದೀತೆ?

ಆದರೆ ಸೂತ್ರದ ಅರ್ಥವನ್ನು ನಿಧಾನಿಸಿ ನೋಡಬೇಕು. ಸ್ಮರಣೆ ಮಾತ್ರವೇ ಆರ್ತಧ್ಯಾನವೆಂದು ಆಚಾರ್ಯರು ಹೇಳಿಲ್ಲ. ಹೋದದ್ದು ಮರಳಬೇಕೆಂಬ ತವಕದಿಂದ ಕೂಡಿದ, ಕೊನೆಯಿಲ್ಲದ ಸ್ಮರಣೆ ಆರ್ತ. ಸ್ಮರಣೆಯೇ ದೋಷವಾಗಿದ್ದರೆ ಹನ್ನೆರಡು ಅನುಪ್ರೇಕ್ಷೆಗಳಿಗೆ ಎಡೆಯೇ ಇರುತ್ತಿರಲಿಲ್ಲ. ಅನಿತ್ಯ, ಅಶರಣ, ಏಕತ್ವ, ಅನ್ಯತ್ವಗಳ ಭಾವನೆಗೆ ವಸ್ತುವೇನು? ನಾವು ಕಂಡುಂಡ ಬಾಳೇ ಅಲ್ಲವೆ? ಯಾರನ್ನೂ ಕಳೆದುಕೊಳ್ಳದವನ ಅನಿತ್ಯಾನುಪ್ರೇಕ್ಷೆ ಬಾಯಿಪಾಠವಾಗಿರುತ್ತದೆ, ಕಳೆದುಕೊಂಡವನದು ಅನುಭವವಾಗಿರುತ್ತದೆ. ನೆನಪು ಒಂದೇ, ಆದರೆ ಅದರ ಮುಖ ಎರಡು. ‘ಅವನು ಬರಬೇಕು’ ಎಂದು ಮುಗಿದರೆ ಅದು ಆರ್ತ, ‘ಅವನು ಬಂದಿದ್ದನು, ಇದ್ದನು, ಹೋದನು, ನನ್ನಲ್ಲಿ ಉಳಿದಿರುವುದು ಏನು?’ ಎಂದು ಮುಂದುವರಿದರೆ ಅದು ಅನುಪ್ರೇಕ್ಷೆಯ ಬಾಗಿಲು. ಇನ್ನೊಂದು ಮಾತನ್ನು ಮರೆಯಬಾರದು. ನಿದಾನವೊಂದನ್ನುಳಿದು ಆರ್ತಧ್ಯಾನವು ಆರನೆಯ ಗುಣಸ್ಥಾನದ ಪ್ರಮತ್ತಸಂಯತರವರೆಗೂ ಸಂಭವಿಸುವುದೆಂದು ಶಾಸ್ತ್ರವೇ ಒಪ್ಪಿದೆ. ಮಹಾವ್ರತಿಗಳಿಗೂ ತಪ್ಪದುದು ಮಗನನ್ನು ಕಳೆದುಕೊಂಡ ಗೃಹಸ್ಥನಿಗೆ ಬಂದರೆ ಅವನನ್ನು ನಾಚಿಸುವುದು ಧರ್ಮವಲ್ಲ. ದಾಟುವ ದಾರಿಯನ್ನು ತೋರುವುದು ಧರ್ಮ.

ದಾರಿ ಯಾವುದು? ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎರಡನೆಯದು ಪ್ರತಿಕ್ರಮಣ. ಇಂದಿನ ಕನ್ನಡದಲ್ಲಿ ಆಲೋಚನೆಯೆಂದರೆ ಬರಿಯ ಯೋಚನೆ. ಶಾಸ್ತ್ರದಲ್ಲಿ ಅದು ತನ್ನಲ್ಲಿ ನಡೆದುದನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದು. ತಾಯಿಯೆದುರಿಗೆ ಎಳೆಯ ಮಗು ಮಾಡಿದ್ದನ್ನೂ ಮಾಡದುದನ್ನೂ ಸರಳವಾಗಿ ನುಡಿಯುವಂತೆ ಅದು ಇರಬೇಕೆಂದು ಹಿರಿಯರ ಮತ. ಪ್ರಾಯಶ್ಚಿತ್ತದ ಮಿಕ್ಕೆಲ್ಲ ಭೇದಗಳಿಗೂ ಮೊದಲು ಆಲೋಚನೆಯನ್ನು ಇಟ್ಟಿರುವುದು ಅರ್ಥಪೂರ್ಣವಾಗಿದೆ. ನಡೆದದ್ದು ಏನೆಂದು ನುಡಿಯಲಾರದವನು ಅದರಿಂದ ಹಿಂದಿರುಗುವುದಾದರೂ ಹೇಗೆ?

‘ಲೇಖನ’ ಎಂಬ ಶಬ್ದದ ಕಡೆಗೂ ಇಲ್ಲಿ ವಾಚಕರು ಗಮನ ಕೊಡಬೇಕು. ಅದರ ಧಾತು ‘ಲಿಖ್’. ಕೆರೆಯುವುದು, ಗೀರುವುದು ಅದರ ಮೂಲಾರ್ಥ. ತಾಳೆಗರಿಯ ಮೇಲೆ ಕಂಠದಿಂದ ಗೀರಿದ್ದರಿಂದ ಅಕ್ಷರವು ಲಿಖಿತವಾಯಿತು. ಸುಶ್ರುತರು ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಲೇಖ್ಯವನ್ನೂ ಎಣಿಸಿದ್ದಾರೆ. ಕೆಟ್ಟ ಮಾಂಸವನ್ನು ಕೆರೆದು ಹುಣ್ಣನ್ನು ಶುದ್ಧಗೊಳಿಸುವ ಕ್ರಮವದು. ದೇಹವನ್ನೂ ಕಷಾಯವನ್ನೂ ಸಮ್ಯಕ್ಕಾಗಿ ತೆಳುಗೊಳಿಸುವ ಸಲ್ಲೇಖನದಲ್ಲಿರುವುದೂ ಇದೇ ಲೇಖನ. ಹೀಗೆ ಬರೆಯುವುದು, ಹುಣ್ಣನ್ನು ಶೋಧಿಸುವುದು, ಕಷಾಯವನ್ನು ಕೃಶಗೊಳಿಸುವುದು ಮೂರಕ್ಕೂ ನಮ್ಮ ಹಿರಿಯರ ನುಡಿಯಲ್ಲಿ ಒಂದೇ ಧಾತುವಿದೆ. ಶಬ್ದದ ಸಾಮ್ಯವೊಂದರಿಂದಲೇ ಸಿದ್ಧಾಂತವನ್ನು ಸ್ಥಾಪಿಸಲಾಗದು, ದಿಟ. ಆದರೆ ಕೆರೆಯುವಾಗ ನೋಯುತ್ತದೆ ಎಂಬುದನ್ನೂ, ವಿವೇಕವಿಲ್ಲದೆ ಕೆರೆದರೆ ಹುಣ್ಣು ಹಿರಿದಾಗುತ್ತದೆ ಎಂಬುದನ್ನೂ ಈ ಶಬ್ದ ನಮಗೆ ನೆನಪಿಸುತ್ತದೆ.

ಇದಕ್ಕೆ ನಿದರ್ಶನವಾಗಿ ನಿಲ್ಲುವ ಮಹನೀಯರೊಬ್ಬರು ನಮ್ಮ ಸಮಾಜದಲ್ಲಿಯೇ ಆಗಿಹೋಗಿದ್ದಾರೆ. ಕವಿ ಬನಾರಸೀದಾಸರು 1586ರಲ್ಲಿ ಜೌನಪುರದಲ್ಲಿ ಶ್ರೀಮಾಲ ಕುಲದ ವರ್ತಕರ ಮನೆಯಲ್ಲಿ ಹುಟ್ಟಿದರು. ರತ್ನದ ವ್ಯಾಪಾರ ಅವರ ವೃತ್ತಿ. ಅದರಲ್ಲಿ ಅವರು ಪಡೆದದ್ದಕ್ಕಿಂತ ಕಳೆದದ್ದೇ ಹೆಚ್ಚು. 1641ರಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಆಗ್ರಾ ನಗರದಲ್ಲಿದ್ದುಕೊಂಡು 675 ಪದ್ಯಗಳಲ್ಲಿ ತಮ್ಮ ಬಾಳಿನ ಕಥೆಯನ್ನು ಬರೆದರು. ಮನುಷ್ಯನ ಪೂರ್ಣಾಯುಸ್ಸು ನೂರಹತ್ತು ವರ್ಷವೆಂದು ಎಣಿಸಿ ಅದಕ್ಕೆ ‘ಅರ್ಧಕಥಾನಕ’ ಎಂದು ಹೆಸರಿಟ್ಟರು. ಉಳಿದರ್ಧ ಅವರಿಗೆ ದೊರೆಯಲಿಲ್ಲ. ಒಂದೆರಡು ವರ್ಷಗಳಲ್ಲಿಯೇ ಅವರ ಆಯುಷ್ಯ ಮುಗಿಯಿತು. ಭಾರತೀಯ ಭಾಷೆಗಳ ಮೊತ್ತಮೊದಲ ಆತ್ಮಕಥೆಗಳಲ್ಲಿ ಒಂದೆಂದು ವಿದ್ವಾಂಸರು ಈ ಕೃತಿಯನ್ನು ಮನ್ನಿಸುತ್ತಾರೆ.

ಅವರಿಗೆ ಮೂರು ಸಲ ವಿವಾಹವಾಯಿತು, ಒಂಬತ್ತು ಮಕ್ಕಳು ಹುಟ್ಟಿದರು, ಒಂಬತ್ತೂ ತೀರಿಕೊಂಡವು. ಈ ಮಹಾದುಃಖವನ್ನು ಅವರು ಅಡಗಿಸಲೂ ಇಲ್ಲ, ಹಿಗ್ಗಿಸಲೂ ಇಲ್ಲ. ಎಷ್ಟು ಮಕ್ಕಳೆಂದು ಎಣಿಸಿ ಹೇಳಿ ಮುಂದೆ ನಡೆದರು. ಯೌವನದ ಚಾಪಲ್ಯವನ್ನೂ, ಶೃಂಗಾರದ ಕಾವ್ಯವೊಂದನ್ನು ಬರೆದು ಅನಂತರ ಗೋಮತೀ ನದಿಗೆ ಎಸೆದದ್ದನ್ನೂ ಬರೆದರು. ಸಮಯಸಾರವನ್ನು ಓದಿ ನಿಶ್ಚಯನಯವನ್ನು ಮಾತ್ರವೇ ಹಿಡಿದು, ಕ್ರಿಯೆಗಳೆಲ್ಲ ವ್ಯರ್ಥವೆಂದು ಬಗೆದು ಗೆಳೆಯರೊಡನೆ ನಗೆಪಾಟಲಾಗುವಂತೆ ನಡೆದುಕೊಂಡದ್ದನ್ನೂ ಬರೆದರು. ಆ ಅತಿರೇಕದಿಂದ ಅವರನ್ನು ಹಿಂದಕ್ಕೆ ತಂದವರು ಪಾಂಡೆ ರೂಪಚಂದರು. ತಂದ ಗ್ರಂಥ ಗೊಮ್ಮಟಸಾರ. ಚಾವುಂಡರಾಯನ ಸಲುವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗ್ರಂಥವು ಏಳು ಶತಮಾನಗಳ ತರುವಾಯ ಆಗ್ರಾದ ವರ್ತಕನೊಬ್ಬನ ಕಣ್ಣು ತೆರೆಸಿತೆಂಬುದು ಕನ್ನಡನಾಡಿನವರಾದ ನಮಗೆ ನೆನೆಯತಕ್ಕ ಸಂಗತಿ. ಕೃತಿಯ ಕೊನೆಯಲ್ಲಿ ಬನಾರಸೀದಾಸರು ತಮ್ಮ ಗುಣಗಳನ್ನು ಒಂದು ಕಡೆ, ದೋಷಗಳನ್ನು ಇನ್ನೊಂದು ಕಡೆ ಇಟ್ಟು ಲೆಕ್ಕ ಒಪ್ಪಿಸಿದ್ದಾರೆ. ಇದು ವ್ಯಾಪಾರಿಯ ಕ್ರಮವೂ ಅಹುದು, ಆಲೋಚನೆಯ ಕ್ರಮವೂ ಅಹುದು.

ಇತ್ತೀಚಿನ ಮನಶ್ಶಾಸ್ತ್ರವೂ ಈ ವಿಷಯದಲ್ಲಿ ಪರೀಕ್ಷೆಗಳನ್ನು ನಡೆಸಿದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಜನ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಕೆಲವರು ಸಾಮಾನ್ಯ ಸಂಗತಿಗಳನ್ನೂ, ಕೆಲವರು ತಮ್ಮ ಬಾಳಿನ ತೀವ್ರವಾದ ಆಘಾತವನ್ನೂ ಬರೆದರು. ಆಘಾತದ ಸಂಗತಿಯನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರಿಗೆ ಬರೆದೊಡನೆ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯಶಾಲೆಗೆ ಹೋದದ್ದು ಇತರರಿಗಿಂತ ಕಡಮೆ. ಅನಂತರ ಇಂತಹ ಅಧ್ಯಯನಗಳು ಬಹಳ ನಡೆದವು. 2006ರಲ್ಲಿ ಜೋನ್ ಫ್ರಾಟರೋಲಿ ಎಂಬವರು 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಇರುವುದೂ ನಿಜ, ಅದು ಸರಾಸರಿಯಲ್ಲಿ ಅಲ್ಪವೆಂಬುದೂ ನಿಜ ಎಂದು ಕಂಡುಬಂದಿತು. ಆದುದರಿಂದ ಬರೆಹವನ್ನು ಸರ್ವರೋಗಹರವೆಂದು ಸಾರುವುದು ಸಲ್ಲದು. ಪೆನ್ನೆಬೇಕರರ ಇನ್ನೊಂದು ಶೋಧ ನಮಗೆ ಹೆಚ್ಚು ಮುಖ್ಯವಾದುದು. ದಿನದಿಂದ ದಿನಕ್ಕೆ ಬರೆಹದಲ್ಲಿ ‘ಏಕೆಂದರೆ’, ‘ಈಗ ತಿಳಿಯಿತು’ ಎಂಬಂತಹ ಕಾರಣದ, ತಿಳಿವಿನ ಮಾತುಗಳು ಹೆಚ್ಚುತ್ತ ಹೋದವರಿಗೆ ಹಿತವೂ ಹೆಚ್ಚಾಗಿ ಆಯಿತು. ಆರ್ತಕ್ಕೂ ಅನುಪ್ರೇಕ್ಷೆಗೂ ನಾವು ಮೇಲೆ ಕಂಡ ಅಂತರಕ್ಕೆ ಇದು ಹತ್ತಿರವಾದ ಮಾತು. ವ್ಯಾಪಾರಿಗಳ ಮಾತಿನಲ್ಲಿ ಹೇಳುವುದಾದರೆ, ಕಿರ್ದಿಯಲ್ಲಿ ಬರೆದ ಕಲಮು ಖಾತೆಗೆ ಏರಬೇಕು. ಅದೇ ಕಲಮನ್ನು ದಿನವೂ ಕಿರ್ದಿಯಲ್ಲಿಯೇ ಬರೆಯುತ್ತಿದ್ದರೆ ಲೆಕ್ಕ ಎಂದಿಗೂ ತೀರದು.

ಬರೆಯುವವನು ಎಲ್ಲಿ ಎಡವುತ್ತಾನೆಂಬುದನ್ನು ನಮ್ಮ ಆಚಾರ್ಯರು ಪೂರ್ವದಲ್ಲಿಯೇ ಗುರುತಿಸಿದ್ದಾರೆ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದೆ; ನಮ್ಮ ವಡ್ಡಾರಾಧನೆಯ 19 ಕಥೆಗಳು ಹೆಣೆದುಕೊಂಡಿರುವುದೂ ಆ ಪರಂಪರೆಯ ಗಾಹೆಗಳ ಸುತ್ತಲೇ. ಕೇಳುವವರ ಕನಿಕರವನ್ನು ಮೊದಲೇ ಗಳಿಸಿಕೊಂಡು ಹೇಳುವುದು ಆಕಂಪಿತ. ತಾನು ದುರ್ಬಲನೆಂದು ಸೂಚಿಸಿ ದಂಡವನ್ನು ಹಗುರಗೊಳಿಸಿಕೊಳ್ಳುವುದು ಅನುಮಾನಿತ. ಪರರು ಕಂಡದ್ದನ್ನಷ್ಟೇ ಒಪ್ಪಿಕೊಳ್ಳುವುದು ದೃಷ್ಟ. ದೊಡ್ಡದನ್ನು ಮಾತ್ರ ಹೇಳುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುವುದು ಸೂಕ್ಷ್ಮ. ‘ಯಾರೋ ಒಬ್ಬರು ಹೀಗೆ ಮಾಡಿದರೆ’ ಎಂದು ಮರೆಯಲ್ಲಿ ಕೇಳುವುದು ಛನ್ನ. ಗದ್ದಲದ ನಡುವೆ ಯಾರಿಗೂ ಕೇಳದಂತೆ ಹೇಳುವುದು ಶಬ್ದಾಕುಲ. ಒಬ್ಬ ಗುರುವಿನ ಮಾತಿನಲ್ಲಿ ನಂಬಿಕೆಯಿಡದೆ ಹಲವರನ್ನು ಕೇಳುತ್ತ ಹೋಗುವುದು ಬಹುಜನ. ಅರಿಯದವನ ಮುಂದೆ ಹೇಳುವುದು ಅವ್ಯಕ್ತ. ಅದೇ ದೋಷವುಳ್ಳವನ ಮುಂದೆ ಹೇಳಿ ಸಮಾಧಾನ ಪಡೆಯುವುದು ತತ್ಸೇವಿ.

ಈ ಹತ್ತನ್ನೂ ಆತ್ಮಕಥನಕ್ಕೆ ಅನ್ವಯಿಸಿ ನೋಡಿದರೆ ಒಂದೂ ತಪ್ಪುವುದಿಲ್ಲ. ಓದುವವರ ಕಣ್ಣೀರನ್ನು ಬಯಸಿ ಬರೆದದ್ದು ಆಕಂಪಿತವೇ. ಊರಿಗೆಲ್ಲ ತಿಳಿದದ್ದನ್ನು ಬರೆದು ತನಗೊಬ್ಬನಿಗೇ ತಿಳಿದುದನ್ನು ಬಿಟ್ಟದ್ದು ದೃಷ್ಟವೇ. ‘ನಾನು ಎಷ್ಟು ಪಾಪಿ’ ಎಂದು ಹಿರಿದಾಗಿ ಸಾರಿಕೊಂಡು, ಅಂದು ಯಾರಿಗೆ ಏನೆಂದು ನುಡಿದೆನೆಂಬ ಒಂದು ನಿರ್ದಿಷ್ಟ ಮಾತನ್ನು ನುಂಗಿದ್ದು ಶಬ್ದಾಕುಲವೇ. ಒಂಟಿಯಾಗಿ ಬರೆಯುವಾಗ ಮೋಸಗೊಳಿಸಲು ಬೇರೆ ಯಾರೂ ಇಲ್ಲವಲ್ಲ ಎಂದು ಭಾವಿಸಬಾರದು. ತನ್ನನ್ನೇ ತಾನು ಮೋಸಗೊಳಿಸುವುದು ಎಲ್ಲಕ್ಕಿಂತ ಸುಲಭ. ಮಾಯಾಶಲ್ಯದ ನೆಲೆಯೇ ಅದು.

ಇನ್ನು ಪರರ ವಿಷಯ. ನಮ್ಮ ಬಾಳು ನಮ್ಮದೊಂದೇ ಅಲ್ಲ. ಹೆಂಡತಿ, ಅಣ್ಣತಮ್ಮಂದಿರು, ಸೊಸೆ, ನೆರೆಯವರು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ ಎಂಬ ಎರಡು ಇಲ್ಲಿಗೆ ನೇರವಾಗಿ ಸಲ್ಲುತ್ತವೆ. ಏಕಾಂತದ ನಡೆಯನ್ನು ಬಯಲಿಗಿಡುವುದು ಮೊದಲನೆಯದು. ಸುಳ್ಳು ಬರೆಹ ಎರಡನೆಯದು. ಪರರಿಗೆ ವಿಪತ್ತು ತರುವ ಸತ್ಯವನ್ನೂ ಅಣುವ್ರತಿ ನುಡಿಯಬಾರದೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಹೀಗಿರಲು ನನ್ನ ಹುಣ್ಣು ಮಾಯಲೆಂದು ಇನ್ನೊಬ್ಬರ ಹುಣ್ಣನ್ನು ತೆರೆಯುವ ಅಧಿಕಾರ ನನಗಿಲ್ಲ. ನನ್ನ ಪಾಲನ್ನು ಪೂರ್ಣವಾಗಿ ಬರೆಯಬಹುದು. ಅವರ ಪಾಲನ್ನು ಅವರಿಗೇ ಬಿಡಬೇಕು. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳವನ್ನು ಬರೆಯುವಾಗ ಈ ಒಂದು ನಿಯಮವನ್ನು ಪಾಲಿಸಿ ನೋಡಿರಿ. ತಮ್ಮನ ಮೇಲಿನ ದೂರೆಲ್ಲ ಬಿಟ್ಟುಹೋಗಿ, ಉಳಿಯುವ ನಾಲ್ಕು ಸಾಲು ಎಷ್ಟು ಕಿರಿದು, ಎಷ್ಟು ಕಠಿಣವೆಂಬುದು ತಿಳಿಯುತ್ತದೆ.

ಬರೆಹದ ಮೇರೆಯನ್ನೂ ಇಲ್ಲಿ ಹೇಳಬೇಕು. ಕಾಗದವು ಗುರುವಲ್ಲ. ಅದು ಕೇಳುತ್ತದೆ, ದಾರಿ ತೋರದು, ಪ್ರಾಯಶ್ಚಿತ್ತವನ್ನೂ ಕೊಡದು. ಅದಕ್ಕಾಗಿ ಗುರುಗಳ ಸನ್ನಿಧಿಯೇ ಬೇಕು. ಮನಸ್ಸು ರೋಗಗ್ರಸ್ತವಾದಲ್ಲಿ ವೈದ್ಯರೂ ಬೇಕು. ಆದರೆ ನಮ್ಮ ಊರುಗಳಲ್ಲಿ ಮುನಿಗಳ ವಿಹಾರ ವರ್ಷಕ್ಕೊಮ್ಮೆಯೋ, ಹಲವು ವರ್ಷಗಳಿಗೊಮ್ಮೆಯೋ ಆಗುವುದುಂಟು. ಅವರ ಮುಂದೆ ನಿಂತಾಗ ಗಂಟಲು ಕಟ್ಟಿ, ಕ್ಷೇಮವೆಂದಷ್ಟೇ ಹೇಳಿ ಹಿಂದಿರುಗುವವರು ಎಷ್ಟೋ ಜನ. ಮೊದಲೇ ಬರೆದು ತಿಳಿಯಾಗಿಸಿಕೊಂಡವನಿಗೆ ಅಂದು ಎರಡು ಮಾತಿನಲ್ಲಿ ನಿವೇದಿಸಲು ಶಕ್ತಿ ಬರುತ್ತದೆ. ಹೀಗೆ ಬರೆಹವು ಆಲೋಚನೆಯ ಸ್ಥಾನವನ್ನು ಆಕ್ರಮಿಸದೆ ಅದರ ಪೂರ್ವಸಿದ್ಧತೆಯಾಗಬೇಕು.

ಆಚರಣೆಯ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಇಟ್ಟುಕೊಳ್ಳಬಹುದು. ಪ್ರೋಷಧೋಪವಾಸದ ದಿನ ಗೃಹಕೃತ್ಯಗಳಿಂದ ಬಿಡುವು ದೊರೆಯುತ್ತದೆ. ಸಾಮಾಯಿಕವಾದ ತರುವಾಯ ಅರ್ಧ ಗಳಿಗೆಯಷ್ಟು ಕಾಲವನ್ನು ಮಾತ್ರ ಗೊತ್ತುಮಾಡಿಕೊಂಡು ಬರೆಯಬೇಕು. ಮೇರೆಯಿಲ್ಲದ ಬರೆಹ ಆರ್ತದ ಕಡೆಗೆ ಜಾರುತ್ತದೆ. ಒಂದು ದಿನಕ್ಕೆ ಒಂದೇ ಸಂಗತಿ ಸಾಕು. ನಡೆದದ್ದನ್ನು ಮೊದಲು, ಆಗ ತನ್ನಲ್ಲಿ ಎದ್ದ ಕ್ರೋಧ ಮಾನ ಮಾಯೆ ಲೋಭಗಳಲ್ಲಿ ಯಾವುದೆಂಬುದನ್ನು ಅನಂತರ, ಇಂದು ಅದರಿಂದ ತಿಳಿದದ್ದನ್ನು ಕೊನೆಯಲ್ಲಿ ಬರೆಯಬೇಕು. ಮುಗಿದ ಮೇಲೆ ಒಂಬತ್ತು ಣಮೋಕಾರ ಮಂತ್ರಗಳ ಕಾಯೋತ್ಸರ್ಗ ಮಾಡಿ ಪುಸ್ತಕವನ್ನು ಮುಚ್ಚಬೇಕು. ನೋವು ತೀರ ಹಸಿಯಾಗಿರುವಾಗ ಬರೆಯಲು ಆತುರಪಡಬಾರದು. ಮೂರ್ನಾಲ್ಕು ಸಲ ಬರೆದ ಮೇಲೂ ಅದೇ ಮಾತು ಅದೇ ಕಣ್ಣೀರು ಸುತ್ತುತ್ತಿದ್ದರೆ ಬರೆಹವನ್ನು ನಿಲ್ಲಿಸಿ ಬಲ್ಲವರ ಬಳಿಗೆ ಹೋಗಬೇಕು.

ಆ ವ್ಯಾಪಾರಿಗೆ ನಾನು ಹೇಳಿದ್ದೂ ಇಷ್ಟೇ. ಪುಸ್ತಕವನ್ನು ಸುಡಬೇಡಿರಿ, ಅದರಲ್ಲಿ ಪ್ರತಿದಿನವೂ ಇರುವ ಮಾತು ಯಾವುದು, ಒಂದು ದಿನವೂ ಇಲ್ಲದ ಮಾತು ಯಾವುದು ಎಂಬುದನ್ನು ನೀವೇ ನೋಡಿರಿ ಎಂದೆ. ನೂರಾರು ಪುಟಗಳಲ್ಲಿ ಮಗನ ರೂಪವಿತ್ತು, ಅವನ ಬಾಲ್ಯವಿತ್ತು. ಆ ಮುಂಜಾನೆ ಗದರಿಸಿದ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಉತ್ತಮ ಆರ್ಜವದ ದಿನ ಅವರು ಅದನ್ನು ಬರೆದರಂತೆ. ಕ್ಷಮಾವಣಿಯಂದು ಆ ಹಾಳೆಯನ್ನು ತಮ್ಮ ಹೆಂಡತಿಗೆ ಓದಿ ಹೇಳಿದರಂತೆ. ದುಃಖ ಹೋಯಿತೆಂದು ನಾನು ಬರೆಯಲಾರೆ; ಹೋಗಿಲ್ಲ. ಆದರೆ ಮಗನ ಹೆಸರನ್ನು ಆ ಮನೆಯಲ್ಲಿ ಈಗ ಗಟ್ಟಿಯಾಗಿ ನುಡಿಯುತ್ತಾರೆ.

ಎಲ್ಲರೂ ಬರೆಯಲೇಬೇಕೆಂಬ ಹಟವೂ ಸಲ್ಲದು. ದಾನಚಿಂತಾಮಣಿ ಅತ್ತಿಮಬ್ಬೆ ಗಂಡ ನಾಗದೇವನನ್ನು ಕಳೆದುಕೊಂಡಳು. ತಂಗಿ ಗುಂಡಮಬ್ಬೆ ಪತಿಯೊಡನೆ ಪ್ರಾಣವನ್ನೇ ಬಿಟ್ಟಳು. ಅತ್ತಿಮಬ್ಬೆ ಮಗನಿಗಾಗಿ ಉಳಿದು ವ್ರತನಿಯಮಗಳಲ್ಲಿ ಬಾಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ರಚಿಸಿಸಿದಳು. ಲಕ್ಕುಂಡಿಯ ಬಸದಿ ಇಂದಿಗೂ ನಿಂತಿದೆ. ತನ್ನ ದುಃಖವನ್ನು ಕುರಿತು ಆಕೆಯೇ ಬರೆದ ಮಾತು ನಮಗೆ ಉಳಿದುಬಂದಿಲ್ಲ. ಕೆಲವರ ಕೈಯಲ್ಲಿ ಕಂಠವು ತಮ್ಮ ಬಾಳನ್ನು ಬರೆಯುತ್ತದೆ. ಕೆಲವರ ಕೈಯಲ್ಲಿ ಅದು ಶಾಸ್ತ್ರವನ್ನು ಬರೆಯುತ್ತದೆ. ಮೊದಲನೆಯದು ಎಷ್ಟೇ ಹಿತವಾದರೂ ಒಂದು ದಿನ ಮುಗಿಯತಕ್ಕದ್ದು. ತನ್ನ ಕಥೆಯನ್ನು ಬರೆದು ಮುಗಿಸಿದವನು ಸ್ವಾಧ್ಯಾಯದ ಕಡೆಗೆ, ಪರರ ವೈಯಾವೃತ್ತ್ಯದ ಕಡೆಗೆ ತಿರುಗಿದರೆ, ಆಗ ಆ ಬರೆಹವು ತಪಸ್ಸಿನ ಒಂದು ಅಂಗವಾಗಿತ್ತೆಂದು ತಿಳಿಯಬಹುದು. ತಿರುಗದಿದ್ದರೆ ಅದು ಇನ್ನೂ ಮುಗಿದಿಲ್ಲವೆಂದೇ ಅರ್ಥ.